ಮೊದಲ ಸಲ ಸೈಟು ತಗೋತಿದ್ದೀನಿ, ಭಾನುವಾರದೊಳಗೆ ಟೋಕನ್ ಕೊಡಬೇಕಂತೆ. ಕೊಡಲಾ?

ಬೆಣ್ಣೆದೋಸೆ_31
ಎಲ್ಲರಿಗೂ ನಮಸ್ಕಾರ. ಊರು ದಾವಣಗೆರೆ, ಎಂಟು ವರ್ಷದಿಂದ ಬೆಂಗಳೂರಲ್ಲಿ ಕೆಲಸ. ವಯಸ್ಸು 31. ಮನೆಯಲ್ಲಿ ಹೆಣ್ಣು ನೋಡ್ತಿದ್ದಾರೆ, ‘ಹುಡುಗನಿಗೆ ಬೆಂಗಳೂರಲ್ಲಿ ಏನಾದ್ರೂ ಇದೆಯಾ’ ಅಂತ ಎರಡು ಕಡೆ ಕೇಳಿದರಂತೆ. ಎಫ್‌ಡಿ, ಮ್ಯೂಚುವಲ್ ಫಂಡ್ ಎಲ್ಲ ಗುಡಿಸಿ ಹಾಕಿದರೆ 18 ಲಕ್ಷ ಇದೆ.

ಆಫೀಸಿನ ಗೆಳೆಯನೊಬ್ಬ ದೊಡ್ಡಬಳ್ಳಾಪುರ ದಾಟಿ ಒಂದು ಲೇಔಟ್ ತೋರಿಸ್ತೀನಿ ಅಂದ. 30×40, ಚದರಡಿಗೆ 1,750, ಅಂದರೆ 21 ಲಕ್ಷ. ಏಜೆಂಟ್ ದಿನಕ್ಕೆ ಮೂರು ಸಲ ಫೋನ್ ಮಾಡ್ತಾನೆ. ಭಾನುವಾರದೊಳಗೆ 1 ಲಕ್ಷ ಟೋಕನ್ ಕೊಟ್ಟರೆ ಈ ರೇಟು, ಸೋಮವಾರದಿಂದ 1,950 ಅಂತೆ. ‘ಪಂಚಾಯಿತಿ ಖಾತೆ ಇದೆ, ಕ್ಲಿಯರ್ ಟೈಟಲ್ ಸಾರ್’ ಅಂತಾನೆ. ಕ್ಲಿಯರ್ ಟೈಟಲ್ ಅಂದ್ರೆ ಏನು ಅಂತ ಅವನನ್ನೇ ಕೇಳಿದೆ. ನಕ್ಕ.

ನನ್ನ ಉದ್ದೇಶ ಹೂಡಿಕೆ ಅಷ್ಟೇ, ಮನೆ ಕಟ್ಟೋದು ದೂರದ ಮಾತು. ಸೈಟೇ ಸರಿನಾ? ಸಾಲ ಮಾಡಿ ಫ್ಲಾಟ್ ತಗೊಂಡು ಬಾಡಿಗೆಗೆ ಬಿಡೋದಾ? ಈ ಟೋಕನ್ ಕೊಡಲಾ ಬೇಡ್ವಾ?

ಖಾತಾಪುರಾಣ
ಕೊಡಬೇಡಿ. ಮುಂದಿನದು ಓದಿ.

ಏಜೆಂಟ್ ಹತ್ತಿರ ರೇಟು ಚೌಕಾಸಿ ಮಾಡೋ ಮೊದಲು ಸರ್ವೆ ನಂಬರ್ ಕೇಳಿ. ಕೊಡದಿದ್ದರೆ ಮಾತು ಅಲ್ಲಿಗೇ ಮುಗೀತು. ಕೊಟ್ಟರೆ ಮನೆಯಲ್ಲೇ ಕೂತು ಸರ್ಕಾರದ ‘ಭೂಮಿ’ ಅನ್ನೋ ವೆಬ್‌ಸೈಟಲ್ಲಿ ಪಹಣಿ ನೋಡಬಹುದು. 9ನೇ ಕಾಲಂನಲ್ಲಿ ಯಾರ ಹೆಸರಿದೆ, 10ರಲ್ಲಿ ಅವರಿಗೆ ಹೇಗೆ ಬಂತು, 11ರಲ್ಲಿ ಸಾಲ, ತಕರಾರು ಏನಾದರೂ ಇದೆಯಾ. ನಮ್ಮ ಕಡೆ ಜನ ಪಹಣಿ ತೆಗೆದು ಹೆಸರಷ್ಟೇ ನೋಡಿ ಮಡಚಿ ಇಟ್ಕೋತಾರೆ. 11ನೇ ಕಾಲಂ ಓದೋರು ಕಡಿಮೆ.

ಆಮೇಲೆ ಜಮೀನು ಕನ್ವರ್ಷನ್ ಆಗಿದೆಯಾ? ಅಂದರೆ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಕೃಷಿಯಿಂದ ವಾಸದ ಉದ್ದೇಶಕ್ಕೆ ಬದಲಾಗಿದೆಯಾ? ‘ಅರ್ಜಿ ಹಾಕಿದ್ದಾರೆ’ ಅಂದರೆ ಆಗಿಲ್ಲ ಅಂತಲೇ ಅರ್ಥ. ಕನ್ವರ್ಷನ್ ಆಗಿದ್ದರೂ ಲೇಔಟ್ ನಕ್ಷೆಗೆ ಯೋಜನಾ ಪ್ರಾಧಿಕಾರದ ಮಂಜೂರಾತಿ ಬೇರೆ ಬೇಕು. ಅದು ಬೇರೆ, ಇದು ಬೇರೆ. ಈ ಎರಡನ್ನೂ ಕಲಸಿ ಮಾತಾಡೋದೇ ಏಜೆಂಟರ ಕಸುಬು.

ಪಂಚಾಯಿತಿ ಖಾತೆ ಅಂದರೆ ಯಾವುದು? ಇ-ಸ್ವತ್ತಿನಲ್ಲಿ (ಪಂಚಾಯಿತಿ ಆಸ್ತಿಗಳ ಕಂಪ್ಯೂಟರ್ ದಾಖಲೆ) ನಮೂನೆ 9 ಮತ್ತು 11ಎ ಇದೆಯಾ, 11ಬಿ ಇದೆಯಾ, ಇಲ್ಲಾ ಹಳೇ ಕೈಬರಹದ ಖಾತೆ ಜೆರಾಕ್ಸಾ? ಮೂರಕ್ಕೂ ಜನ ‘ಖಾತೆ’ ಅಂತಲೇ ಹೇಳೋದು. 11ಬಿ ಅಂದರೆ ಪಂಚಾಯಿತಿ ನಿಮ್ಮಿಂದ ತೆರಿಗೆ ತಗೊಳ್ಳುತ್ತೆ, ಆ ಸ್ವತ್ತು ಸಕ್ರಮ ಅಂತ ಮಾತ್ರ ಒಪ್ಪಲ್ಲ.

ಇನ್ನು ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ. ಲೇಔಟ್ 500 ಚದರ ಮೀಟರ್‌ಗಿಂತ ದೊಡ್ಡದಿದ್ದರೆ ನೋಂದಣಿ ಇಲ್ಲದೆ ಜಾಹೀರಾತು ಕೊಡೋ ಹಾಗೂ ಇಲ್ಲ, ಬುಕಿಂಗ್ ತಗೊಳ್ಳೋ ಹಾಗೂ ಇಲ್ಲ. 500 ಚದರ ಮೀಟರ್ ಅಂದರೆ ನಿಮ್ಮ 30×40ರ ಅಳತೆಯಲ್ಲಿ ಐದು ಸೈಟೂ ಆಗಲ್ಲ. ಹಾಗಾಗಿ ‘ನಮ್ಮದು ಚಿಕ್ಕ ಲೇಔಟ್, ರೇರಾ ಬೇಕಾಗಿಲ್ಲ’ ಅನ್ನೋದನ್ನ ನಂಬಬೇಡಿ.

ಭೂಮಿಬಂಗಾರ
ಇಲ್ಲಿರೋರೆಲ್ಲ ಹೆದರಿಸೋಕೇ ಕೂತಿದ್ದೀರಾ? 2005ರಲ್ಲಿ ಯಲಹಂಕದ ಆಚೆ ರೆವಿನ್ಯೂ ಸೈಟ್ (ಕನ್ವರ್ಷನ್ ಆಗದ ಜಮೀನಿನ ಸೈಟು) ತಗೊಂಡೋರು ಇವತ್ತು ಕೋಟಿ ಎಣಿಸ್ತಿದ್ದಾರೆ. ಪೇಪರ್ ಪೇಪರ್ ಅಂತ ಕೂತೋರು ಇನ್ನೂ ಬಾಡಿಗೆ ಮನೆಯಲ್ಲಿದ್ದಾರೆ. ಏರ್‌ಪೋರ್ಟಿಂದ 25 ನಿಮಿಷ, ಪಕ್ಕದಲ್ಲೇ ಕೈಗಾರಿಕಾ ಪ್ರದೇಶ, ಮುಂದೆ ರಿಂಗ್ ರೋಡ್. ಬ್ರದರ್, ಧೈರ್ಯ ಮಾಡಿ.

ಹುಬ್ಬಳ್ಳಿ_ಗಿರ್ಮಿಟ್
25 ನಿಮಿಷ ಅಂದ್ರ ಯಾವಾಗ್ರಿ, ರಾತ್ರಿ ಎರಡಕ್ಕೇನು?

ತಮ್ಮಾ, ನನ್ನ ಕಥಿ ಕೇಳು. 2011ರಾಗ ನಮ್ಮೂರ ಹೊರಗ ಒಂದು ಪ್ಲಾಟ್ ತಗೊಂಡೆ. ಮೂರು ಮಂದಿ ಅಣ್ಣತಮ್ಮಂದಿರು, ಮೂರೂ ಮಂದಿ ಬಂದು ಸಹಿ ಹಾಕಿದ್ರು. ಕಂಪೌಂಡ್ ಕಟ್ಟಿಸಿದೆ, ಬೋರ್ ಹಾಕಿಸಿದೆ, ನೀರೂ ಬಿತ್ತು. ನಾಕ ವರ್ಷ ಆದಮ್ಯಾಲೆ ಕೋರ್ಟ್ ನೋಟಿಸ್ ಬಂತು. ಅವರಿಗೆ ಒಬ್ಬಾಕಿ ತಂಗಿ ಇದ್ಲು, ಸೋಲಾಪುರಕ್ಕ ಕೊಟ್ಟಿದ್ರು. ಆಕಿ ಸಹಿ ಇಲ್ಲ. ಅವರಪ್ಪನ ಆಸ್ತಿ, ಆಕಿದೂ ಪಾಲು. ಆಕಿ ಕೇಳೋದ್ರಾಗ ತಪ್ಪೇನೂ ಇಲ್ರಿ. ಅಣ್ಣಗೋಳು ಆಕಿಗೆ ಹೇಳೇ ಇದ್ದಿಲ್ಲ. ತಪ್ಪು ನಂದು, ವಂಶವೃಕ್ಷ ಕೇಳಬೇಕಿತ್ತು, ಕೇಳಲಿಲ್ಲ. ಕೇಸ್ ಇನ್ನೂ ನಡದೈತಿ. ಬೋರಿನ ನೀರು ಬಾಜೂ ಹೊಲದವರು ಬಿಟ್ಕೋತಾರ.

ಖಾತಾಪುರಾಣ
ಇದನ್ನೇ ಬರೆಯೋಣ ಅಂತಿದ್ದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿಯಾಗಿ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಬಂತು. ನಮ್ಮ ರಾಜ್ಯದಲ್ಲಂತೂ 1994ರಲ್ಲೇ ಅಂಥ ತಿದ್ದುಪಡಿ ಬಂದಿತ್ತು. ಆದರೂ ಇವತ್ತಿಗೂ ವಂಶವೃಕ್ಷ ಬರೆಸುವಾಗ ಹೆಣ್ಣುಮಕ್ಕಳ ಹೆಸರು ‘ಮರೆತು’ ಹೋಗುತ್ತೆ. ಜಮೀನು ಕೊಳ್ಳೋರು ಊರಲ್ಲಿ ಒಂದು ಟೀ ಕುಡಿದು ‘ಈ ಮನೆಗೆ ಎಷ್ಟು ಜನ ಹೆಣ್ಣುಮಕ್ಕಳು’ ಅಂತ ಕೇಳಿದರೆ, ಇ.ಸಿ.ಯಲ್ಲಿ (ಋಣಭಾರ ಪತ್ರದಲ್ಲಿ) ಸಿಗದ ಮಾಹಿತಿ ಸಿಗುತ್ತೆ.

ಇ.ಸಿ. ಬಗ್ಗೆಯೂ ಹೇಳಿಬಿಡ್ತೀನಿ. ಋಣಭಾರ ಪತ್ರದಲ್ಲಿ ನೋಂದಣಿ ಆಗಿರೋ ವ್ಯವಹಾರ ಮಾತ್ರ ಬರುತ್ತೆ. ಬಾಯಿಮಾತಿನ ಪಾಲು, ನೋಂದಣಿ ಮಾಡಿಸದ ಕರಾರು, ಕೋರ್ಟ್ ದಾವೆ, ಮನೆಯೊಳಗಿನ ಜಗಳ ಬರಲ್ಲ. ನಮೂನೆ 16 ಬಂದಿದೆ, ಯಾವ ಋಣವೂ ಇಲ್ಲ ಅಂತ ಖುಷಿಪಡಬೇಡಿ. ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಲ್ಲಿ ಆನ್‌ಲೈನ್ ಸಿಗೋದು 2004ರಿಂದ ಈಚಿನದು. ಅದಕ್ಕೂ ಹಿಂದಿನದು ಬೇಕಾದರೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ನಡೀಬೇಕು.

ಕಡಲತಡಿ
ಸೈಟಿನ ಗಲಾಟೆ ನಡೀಲಿ. ಫ್ಲಾಟಿನ ಲೆಕ್ಕ ಯಾರೂ ಹಾಕಲಿಲ್ಲವಲ್ಲ ಮಾರಾಯ್ರೇ. ನಾನು ಮಂಗಳೂರಿನವ, ಬೆಂಗಳೂರಲ್ಲಿ ಒಂದು ಫ್ಲಾಟ್ ತೆಗೆದು ಬಾಡಿಗೆಗೆ ಬಿಟ್ಟಿದ್ದೇನೆ. ಹೆಚ್ಚುಕಡಿಮೆ ನನ್ನದೇ ಲೆಕ್ಕ ಹೇಳ್ತೇನೆ.

ಎರಡು ಬೆಡ್‌ರೂಮು, ಹಳೇ ಫ್ಲಾಟು, 65 ಲಕ್ಷ ಅಂತಿಟ್ಟುಕೊಳ್ಳಿ. ಬ್ಯಾಂಕು ಶೇ 80 ಕೊಟ್ಟರೆ 52 ಲಕ್ಷ ಸಾಲ, 13 ಲಕ್ಷ ನಿಮ್ಮ ಕೈಯಿಂದ. ನೋಂದಣಿ ಖರ್ಚು ಬ್ಯಾಂಕ್ ಕೊಡುವುದಿಲ್ಲ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು ಸೇರಿ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ 2ಕ್ಕೆ ಏರಿದೆ. ಒಟ್ಟು 7.6, ಅಂದರೆ 4.94 ಲಕ್ಷ. 13 ಪ್ಲಸ್ 4.94. ನಿಮ್ಮ 18 ಲಕ್ಷದಲ್ಲಿ ಆರು ಸಾವಿರ ಉಳಿಯಿತು. ಗೃಹಪ್ರವೇಶದ ಹೋಳಿಗೆ ಊಟಕ್ಕೂ ಸಾಲದು.

ಈಗ ತಿಂಗಳ ಲೆಕ್ಕ. ಶೇ 8.5ರ ಬಡ್ಡಿ, 20 ವರ್ಷ, ಇಎಂಐ 45 ಸಾವಿರದ ಚಿಲ್ಲರೆ. ಬಾಡಿಗೆ 22 ಸಾವಿರ ಬಂತು ಅಂತಿಟ್ಟುಕೊಂಡರೆ ವರ್ಷಕ್ಕೆ 2.64 ಲಕ್ಷ. ಅದರಲ್ಲಿ ಮೇಂಟೆನೆನ್ಸ್ ತಿಂಗಳಿಗೆ 3,500, ಆಸ್ತಿ ತೆರಿಗೆ, ವರ್ಷದಲ್ಲಿ ಒಂದು ತಿಂಗಳು ಖಾಲಿ. ಕೈಗೆ ಉಳಿಯೋದು 1.9 ಲಕ್ಷದ ಆಸುಪಾಸು. ಹಾಕಿದ ಬೆಲೆಗೆ ಶೇ 3 ಕೂಡ ಇಲ್ಲ. ಮೊದಲ ವರ್ಷ ಬ್ಯಾಂಕಿಗೆ ಬಡ್ಡಿಯೇ 4.4 ಲಕ್ಷ ಹೋಗುತ್ತೆ.

ಹಾಗಾದ್ರೆ ನಾನ್ಯಾಕೆ ತೆಗೆದೆ? ಹೆಂಡತಿ ಹೇಳಿದ್ಲು, ಅದಕ್ಕೆ. ಲೆಕ್ಕ ಹಾಕಿ ತೆಗೆದದ್ದಲ್ಲ. ಬೆಲೆ ಏರಿದೆ ನಿಜ, ಆದರೆ ಬಾಡಿಗೆಯಿಂದ ಇಎಂಐ ತೀರುತ್ತೆ ಅಂತ ಯಾರಾದರೂ ಹೇಳಿದರೆ ಅವರ ಪಾಸ್‌ಬುಕ್ ತೋರಿಸಲು ಹೇಳಿ.

ಬೆಣ್ಣೆದೋಸೆ_31
ಕಡಲತಡಿ ಸರ್, ಆರು ಸಾವಿರದ ಲೆಕ್ಕ ಓದಿ ನಕ್ಕು, ಆಮೇಲೆ ಹೊಟ್ಟೆ ತೊಳಸಿದ ಹಾಗಾಯ್ತು. ಕಟ್ಟುತ್ತಿರುವ ಫ್ಲಾಟ್ ಆದರೆ ಕಡಿಮೆಗೆ ಸಿಗುತ್ತಲ್ಲ?

ಕಡಲತಡಿ
ರೇಟು ಕಡಿಮೆ, ಆದರೆ ಅದಕ್ಕೆ ಜಿಎಸ್‌ಟಿ ಶೇ 5 ಸೇರುತ್ತೆ. ಕಂಪ್ಲೀಷನ್ ಸರ್ಟಿಫಿಕೇಟ್ ಬಂದ ಮೇಲೆ ಕೊಂಡರೆ ಜಿಎಸ್‌ಟಿ ಇಲ್ಲ. ಮತ್ತೆ ಕಟ್ಟಡ ಮುಗಿಯುವ ತನಕ ನೀವಿರುವ ಮನೆಯ ಬಾಡಿಗೆಯೂ ನೀವೇ ಕೊಡಬೇಕು, ಸಾಲದ ಬಡ್ಡಿಯೂ ನೀವೇ ಕಟ್ಟಬೇಕು. ‘ಇನ್ನಾರು ತಿಂಗಳು’ ಅನ್ನುವ ಮಾತು ನಾನು ಎರಡು ವರ್ಷ ಕೇಳಿದ್ದೇನೆ. ರೇರಾ ಪ್ರಕಾರ ಕೊಂಡವರ ಹಣದ ಶೇ 70 ಪ್ರತ್ಯೇಕ ಖಾತೆಯಲ್ಲಿ ಆ ಯೋಜನೆಗಷ್ಟೇ ಬಳಕೆಯಾಗಬೇಕು, ನೋಂದಾಯಿತ ಕರಾರಿಗೆ ಮುಂಚೆ ಶೇ 10ಕ್ಕಿಂತ ಹೆಚ್ಚು ಕೇಳುವಂತಿಲ್ಲ. ಇಷ್ಟನ್ನಾದರೂ ಪಟ್ಟು ಹಿಡಿದು ಕೇಳಿ. ಓ.ಸಿ. (ಕಟ್ಟಡದಲ್ಲಿ ವಾಸಿಸಬಹುದು ಅನ್ನುವ ಪ್ರಮಾಣಪತ್ರ) ಬಗ್ಗೆ ಸುಪ್ರೀಂ ಕೋರ್ಟು 2024ರ ಡಿಸೆಂಬರಿನಲ್ಲಿ ಬಿಗಿಯಾಗಿ ಹೇಳಿದ ಮೇಲೆ ಕರೆಂಟು, ನೀರಿನ ಸಂಪರ್ಕಕ್ಕೇ ಅದು ಬೇಕು.

ಮೈಸೂರ್_ಮಲ್ಲಿಗೆ
ನಾನು ಬ್ಯಾಂಕಿನ ಸಾಲ ವಿಭಾಗದಲ್ಲಿ ಹನ್ನೆರಡು ವರ್ಷ ಇದ್ದವಳು. ಒಂದು ಸುಲಭದ ದಾರಿ ಹೇಳ್ತೀನಿ. ಕೈಯಲ್ಲಿ ಪೂರ್ತಿ ದುಡ್ಡಿದ್ದರೂ ಆ ಸೈಟಿಗೆ ಸಾಲ ಬೇಕು ಅಂತ ಅರ್ಜಿ ಹಾಕಿ. ಬ್ಯಾಂಕಿನ ವಕೀಲರು ಮೂಲಪತ್ರದಿಂದ ಹಿಡಿದು ಪ್ರತಿಯೊಂದನ್ನೂ ಕೇಳ್ತಾರೆ. ಏಜೆಂಟ್ ‘ಈ ಸೈಟಿಗೆ ಲೋನ್ ಆಗಲ್ಲ ಸಾರ್, ಕ್ಯಾಶ್ ಪಾರ್ಟಿಗೆ ಮಾತ್ರ’ ಅಂದ ತಕ್ಷಣ ನಿಮಗೆ ಉತ್ತರ ಸಿಕ್ಕಿತು.

ಆದರೆ ಬ್ಯಾಂಕಿನ ವಕೀಲರು ನೋಡೋದು ಬ್ಯಾಂಕಿನ ಹಿತ, ನಿಮ್ಮದಲ್ಲ. ನಿಮ್ಮ ಕಡೆಯಿಂದ ಒಬ್ಬರನ್ನು ಬೇರೆ ಇಟ್ಟುಕೊಳ್ಳಿ. ಏಜೆಂಟ್ ತೋರಿಸಿದ ವಕೀಲರು ಬೇಡ. ಸೈಟು ಇರೋ ತಾಲ್ಲೂಕಿನ ಕೋರ್ಟಲ್ಲಿ ಕೆಲಸ ಮಾಡೋ, ಸಿವಿಲ್ ನೋಡೋ ವಕೀಲರು ಬೇಕು. ಅವರಿಗೆ ಆ ಸುತ್ತಿನ ಹತ್ತು ಸರ್ವೆ ನಂಬರ್‌ಗಳ ಜಾತಕ ಬಾಯಲ್ಲೇ ಇರುತ್ತೆ.

ನನ್ನ ಕಾಲದಲ್ಲಿ ಹೆಚ್ಚು ಅರ್ಜಿ ಬಿದ್ದುಹೋಗ್ತಿದ್ದದ್ದು ದೊಡ್ಡ ಮೋಸದಿಂದ ಅಲ್ಲ. ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿ, ತಾಳೆ ಆಗ್ತಿರಲಿಲ್ಲ. ಒಂದು ಪತ್ರದಲ್ಲಿ ಪೂರ್ವಕ್ಕೆ ರಸ್ತೆ, ಇನ್ನೊಂದರಲ್ಲಿ ಪೂರ್ವಕ್ಕೆ ಬೇರೆಯವರ ಜಮೀನು. ಅಳತೆ ಟೇಪ್ ಹಿಡಿದುಕೊಂಡು ಹೋಗಿ ಪತ್ರದಲ್ಲಿರೋ ಹಾಗೇ ಇದೆಯಾ ನೋಡಿ.

ಚಿಲ್ಲರೆ_ಹೂಡಿಕೆ
ಹೂಡಿಕೆ ಅಷ್ಟೇ ಉದ್ದೇಶ ಅಂದ್ರಲ್ಲ, ರೀಟ್ ಯಾಕೆ ನೋಡಬಾರದು? ಬಾಡಿಗೆ ಬರೋ ದೊಡ್ಡ ಕಟ್ಟಡಗಳಲ್ಲಿ ಹಲವರ ದುಡ್ಡು ಸೇರಿಸಿ ಹೂಡೋ ಟ್ರಸ್ಟ್ ಅದು. ಎಂಬಸಿ ಆಫೀಸ್ ಪಾರ್ಕ್ಸ್ ರೀಟ್ 2019ರಲ್ಲಿ ಬಂತು, ದೇಶದ ಮೊದಲನೆಯದು, ನಮ್ಮ ಮಾನ್ಯತಾ ಟೆಕ್ ಪಾರ್ಕ್ ಅದರಲ್ಲೇ ಇದೆ. ಆಮೇಲೆ ಮೈಂಡ್‌ಸ್ಪೇಸ್, ಬ್ರೂಕ್‌ಫೀಲ್ಡ್, ಮಾಲ್‌ಗಳ ನೆಕ್ಸಸ್ ಬಂದವು. ಷೇರಿನ ಥರ ಒಂದೊಂದೇ ಯೂನಿಟ್ ಕೊಳ್ಳಬಹುದು. ಹಂಚಬಹುದಾದ ಆದಾಯದಲ್ಲಿ ಶೇ 90 ಹಂಚಲೇಬೇಕು ಅಂತ ಸೆಬಿ ನಿಯಮ. ಖಾತೆ ಇಲ್ಲ, ಪಹಣಿ ಇಲ್ಲ, ಸೋಲಾಪುರದ ತಂಗಿ ಇಲ್ಲ.

ಹುಬ್ಬಳ್ಳಿ_ಗಿರ್ಮಿಟ್
ಹೆಣ್ಣಿನ ಕಡಿಯವರಿಗೆ ಏನಂತ ಹೇಳೋದ್ರಿ? ಮಾನ್ಯತಾ ಟೆಕ್ ಪಾರ್ಕಿನಾಗ ಒಂದು ಇಟ್ಟಂಗಿ ನಂದು ಅಂತನಾ?

ಚಿಲ್ಲರೆ_ಹೂಡಿಕೆ
😂 ಒಪ್ಪಿದೆ. ಆದರೆ ಆ ಇಟ್ಟಿಗೆ ಬೇಕಾದ ದಿನ ಬೆಳಿಗ್ಗೆ ಒಂಬತ್ತೂಕಾಲಿಗೆ ಮಾರಬಹುದು. ನಿಮ್ಮ ಬೋರಿನ ಪ್ಲಾಟ್ ಮಾರಿ ನೋಡೋಣ. ಯೂನಿಟ್ ಬೆಲೆ ಇಳಿಯೋದೂ ಉಂಟು, ಅದನ್ನ ಮುಚ್ಚಿಡಲ್ಲ.

ಮರಳುಗಾಡಿನ_ಕನ್ನಡಿಗ
ದುಬೈನಿಂದ. ಹೊರದೇಶದಲ್ಲಿರೋರು ಓದ್ತಿದ್ದರೆ ಅಂತ ಎರಡೇ ಮಾತು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದ ಮೇಲೆ ಕರ್ನಾಟಕದಲ್ಲಿ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಅನ್ನೋದು ನಿಜ. ಆದರೆ ಎನ್‌ಆರ್‌ಐಗಳಿಗೆ ಫೆಮಾ (ವಿದೇಶಿ ವಿನಿಮಯ ಕಾಯ್ದೆ) ಅಡ್ಡ ಬರುತ್ತೆ. ನಾವು ಮನೆ, ಸೈಟು, ಅಂಗಡಿ ಕೊಳ್ಳಬಹುದು, ತೋಟ ಗದ್ದೆ ಇಲ್ಲ. ಅದಕ್ಕೇ ‘ಫಾರ್ಮ್ ಪ್ಲಾಟ್’ ಅಂತ ನಮಗೆ ಮಾರೋಕೆ ಬರೋರನ್ನ ಕಂಡರೆ ನಾನು ದೂರ. ಇನ್ನು, 50 ಲಕ್ಷ ಅಥವಾ ಮೇಲ್ಪಟ್ಟ ಆಸ್ತಿಗೆ ಕೊಳ್ಳೋರೇ ಶೇ 1 ಟಿಡಿಎಸ್ ಹಿಡಿದು ಕಟ್ಟಬೇಕು. ಮಾರೋರು ಎನ್‌ಆರ್‌ಐ ಆದರೆ ಆ ಶೇ 1ರ ಲೆಕ್ಕ ನಡೆಯಲ್ಲ, ಬಹಳ ಹೆಚ್ಚು ಹಿಡೀಬೇಕು. ಸಿ.ಎ. ಹತ್ತಿರ ಕೇಳದೆ ಮುಂದುವರಿಯಬೇಡಿ.

ಬೆಣ್ಣೆದೋಸೆ_31
ಅಪ್‌ಡೇಟ್. ಶನಿವಾರ ಹೋಗಿ ಬಂದೆ.

ಹನ್ನೊಂದು ಜನರನ್ನ ಟೆಂಪೋ ಟ್ರಾವೆಲರ್‌ನಲ್ಲಿ ಕರ್ಕೊಂಡು ಹೋದರು. ದಾರಿಯಲ್ಲಿ ಇಡ್ಲಿ ವಡೆ. ನೀಲಗಿರಿ ತೋಪು ಕಡಿದ ಜಾಗ, ಬುಡ ಇನ್ನೂ ಹಸಿ ಹಸಿ. ಹಳದಿ ಬಣ್ಣ ಬಳಿದ ಕಲ್ಲು, ಪ್ಲಾಸ್ಟಿಕ್ ಬಾವುಟ, ಒಂದು ಕಮಾನು. ಕಮಾನು ಮಾತ್ರ ಬಹಳ ಚೆನ್ನಾಗಿದೆ. ನನ್ನ ಸೈಟು ನಂಬರ್ 46 ಅಂದರು. ಟೇಪ್ ತಗೊಂಡು ಹೋಗಿದ್ದೆ (ಮಲ್ಲಿಗೆ ಮೇಡಂ, ಥ್ಯಾಂಕ್ಸ್). ಒಂದು ಕಡೆ 40 ಅಡಿ ಸರಿ ಇದೆ, ಎದುರಿನ ಕಡೆ 36ಕ್ಕೆ ಕಲ್ಲು ಸಿಕ್ತು. ‘ಕಲ್ಲು ಜರುಗಿದೆ ಸಾರ್, ದನ ಗುದ್ದಿರಬೇಕು’ ಅಂದ.

ದನದ ಮಾತು ಬಂದದ್ದೇ ಒಳ್ಳೇದಾಯ್ತು. ಬೇಲಿ ಆಚೆ ಒಬ್ಬ ಅಜ್ಜ ನಿಜವಾಗ್ಲೂ ದನ ಮೇಯಿಸ್ತಿದ್ದರು. ಎಲ್ಲರೂ ಶಾಮಿಯಾನ ಕೆಳಗೆ ಪ್ಲಾನ್ ನೋಡ್ತಿದ್ದಾಗ ಅವರ ಹತ್ತಿರ ಹೋದೆ. ‘ಮಳೆಗಾಲದಾಗೆ ಬಂದಿದ್ದೀಯೇನಪ್ಪಾ ಇಲ್ಲಿ?’ ಅಂತ ಕೇಳಿದರು. ಇಲ್ಲ ಅಂದೆ. ಕೋಲಿನಲ್ಲಿ ತೋರಿಸಿದರು, ನನ್ನ 46, ಪಕ್ಕದ 47, ಆಚೆ ರಸ್ತೆ ಅಂತ ಹೇಳಿದ ಜಾಗ, ಎಲ್ಲ ಮೇಲಿನ ಕೆರೆಯ ಕೋಡಿ ನೀರು ಹೋಗೋ ದಾರಿಯಂತೆ.

ಸರ್ವೆ ನಂಬರ್ ಕೇಳಿದೆ. ಟೋಕನ್ ಆದ ಮೇಲೆ ಕೊಡ್ತೀವಿ ಅಂದರು. ಕನ್ವರ್ಷನ್ ‘ಪ್ರೋಸೆಸ್‌ನಲ್ಲಿದೆ’, ಈಗ ಅಗ್ರಿಮೆಂಟ್ ಮತ್ತೆ ಜಿಪಿಎ (ಅಧಿಕಾರ ಪತ್ರ) ಮಾಡಿಕೊಡ್ತಾರಂತೆ. ಖಾತೆ ಅಂತ ತೋರಿಸಿದ್ದು ಕೈಬರಹದ ಜೆರಾಕ್ಸ್, ಸೀಲು ಓದೋಕೇ ಆಗಲ್ಲ. ಆದರೆ ಸರ್ವೆ ನಂಬರ್ ಅಜ್ಜನೇ ಹೇಳಿದರು. ಸೋಮವಾರ ತಾಲ್ಲೂಕಿನ ವಕೀಲರೊಬ್ಬರನ್ನ ಹಿಡಿದು 6,000 ಕೊಟ್ಟೆ. ಹಳೇ ಪಹಣಿ, ಮ್ಯುಟೇಷನ್ ತೆಗೆಸಿದಾಗ ಗೊತ್ತಾಗಿದ್ದು, 1970ರ ದಶಕದಲ್ಲಿ ದರಖಾಸ್ತಿನಲ್ಲಿ, ಅಂದರೆ ಅರ್ಜಿ ಮೇಲೆ ಸರ್ಕಾರದಿಂದ, ಮಂಜೂರಾದ ಜಮೀನು ಅದು, ಮಂಜೂರಾದವರು ಪರಿಶಿಷ್ಟ ಜಾತಿಯವರು. 1996ರಲ್ಲಿ ಮಾರಿದ್ದಾರೆ. ಸರ್ಕಾರದ ಅನುಮತಿ ಪತ್ರ ಎಲ್ಲೂ ಇಲ್ಲ. ವಕೀಲರು ಫೈಲ್ ಮುಚ್ಚಿ ನನ್ನ ಕಡೆ ತಳ್ಳಿದರು. ಇದರ ಅರ್ಥ ಏನು?

ಖಾತಾಪುರಾಣ
ಪಿಟಿಸಿಎಲ್ ಅಂತ ಕೇಳಿದ್ದೀರಲ್ಲ, 1978ರ ಕಾಯ್ದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನ ಅನುಮತಿ ಇಲ್ಲದೆ ಮಾರಿದರೆ ಆ ಕ್ರಯವೇ ಅಸಿಂಧು. ಉಪವಿಭಾಗಾಧಿಕಾರಿ ಅದನ್ನ ಬಿಡಿಸಿ ಮೂಲ ಕುಟುಂಬಕ್ಕೆ ಕೊಡಿಸ್ತಾರೆ. ‘ತುಂಬ ವರ್ಷ ಆಯ್ತು, ಈಗ ಯಾರೂ ಕೇಳಲ್ಲ’ ಅನ್ನೋ ವಾದ ಮೊದಲು ಓಡ್ತಿತ್ತು. 2023ರ ತಿದ್ದುಪಡಿಯಲ್ಲಿ ಇದಕ್ಕೆ ಕಾಲಮಿತಿ ಇಲ್ಲ ಅಂತಲೇ ಬರೆದರು. ಆ ಮೇಲೆ ಎಷ್ಟು ಕೈ ಬದಲಾಗಿದ್ದರೂ ಕೊನೆಗೆ ಕೊಂಡವರ ತಲೆ ಮೇಲೇ ಬರುತ್ತೆ.

ಇದನ್ನ ಏಜೆಂಟರು ‘ಪಿಟಿಸಿಎಲ್ ಕಾಟ’ ಅಂತ ಕರೀತಾರೆ. ನನಗೆ ಹಾಗನ್ನಿಸಲ್ಲ. ಎರಡು ಹೊತ್ತಿನ ಊಟಕ್ಕೆ ಸರ್ಕಾರ ಕೊಟ್ಟ ನೆಲವನ್ನ ಸಾಲದ ಲೆಕ್ಕದಲ್ಲಿ, ಕೆಲವು ಕಡೆ ಹೆಂಡದ ಲೆಕ್ಕದಲ್ಲಿ ಬರೆಸಿಕೊಂಡ ಕಥೆಗಳು ನನ್ನ ಟೇಬಲ್ ಮೇಲೇ ಬಂದಿವೆ. ಪತ್ರ ಬರೆಯೋ ಕೆಲಸದಲ್ಲಿ ಇಪ್ಪತ್ತು ವರ್ಷ ಇದ್ದವನು ನಾನು.

ಜಿಪಿಎ ಬಗ್ಗೆ: 2011ರಲ್ಲೇ ಸುಪ್ರೀಂ ಕೋರ್ಟ್ ಜಿಪಿಎ ಮೂಲಕ ಮಾಲೀಕತ್ವ ಬರಲ್ಲ ಅಂತ ಹೇಳಿಯಾಗಿದೆ. ಕ್ರಯಪತ್ರ ನೋಂದಣಿ ಆದರೆ ಮಾತ್ರ ಸ್ವತ್ತು ನಿಮ್ಮದು. ಕೋಡಿ ನೀರಿನ ದಾರಿ ಗ್ರಾಮ ನಕ್ಷೆಯಲ್ಲಿ ಹಳ್ಳ ಅಂತಲೋ ಬಿ ಖರಾಬು (ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ) ಅಂತಲೋ ಇರಬೇಕು. ಅದು ಸರ್ಕಾರದ್ದು, ಮಾರೋಕೆ ಯಾರ ಅಪ್ಪನದೂ ಅಲ್ಲ. ಒಂದೇ ಸೈಟಲ್ಲಿ ಇಷ್ಟೆಲ್ಲ ಕೂಡಿಬಂದಿದ್ದು ನಾನೂ ನೋಡಿರಲಿಲ್ಲ.

ಭೂಮಿಬಂಗಾರ
ಒಂದು ಕೆಟ್ಟ ಲೇಔಟ್ ನೋಡಿ ಎಲ್ಲರನ್ನೂ ಬೈಬೇಡಿ. ನಾನೂ ಇದೇ ಫೀಲ್ಡಲ್ಲಿ ಇರೋನು, ಮುಚ್ಚುಮರೆ ಇಲ್ಲ. ಪಿಟಿಸಿಎಲ್ ಜಾಗ ನಾನೂ ಮುಟ್ಟಲ್ಲ. ಆದರೆ ಒಂದು ಮಾತು ಹೇಳ್ತೀನಿ, ಬೆಂಗಳೂರಿನ ಹುಚ್ಚು ಯಾಕೆ? 18 ಲಕ್ಷಕ್ಕೆ ಇಲ್ಲಿ ಹಳ್ಳದ ದಾರಿ ಸಿಗುತ್ತೆ. ನಿಮ್ಮ ದಾವಣಗೆರೆಯಲ್ಲಿ ಪ್ರಾಧಿಕಾರದ ಮಂಜೂರಾತಿ ಇರೋ ಲೇಔಟ್ ಹುಡುಕಿ. ಮಾರೋರು ಯಾರು, ಅವರಪ್ಪ ಯಾರು, ಎಲ್ಲ ನಿಮ್ಮ ತಂದೆಗೆ ಗೊತ್ತಿರುತ್ತೆ.

ಮೈಸೂರ್_ಮಲ್ಲಿಗೆ
ಭೂಮಿಬಂಗಾರ ಅವರ ಈ ಮಾತನ್ನ ಮಾತ್ರ ನಾನು ಒಪ್ತೀನಿ. ಬೆಣ್ಣೆದೋಸೆ, ಟೋಕನ್ ಏನಾದರೂ ಕೊಟ್ಟಿರಾ?

ಬೆಣ್ಣೆದೋಸೆ_31
ಬೈಬೇಡಿ ಮೇಡಂ. ಶಾಮಿಯಾನದಲ್ಲಿ ಎಲ್ಲರೂ ಕೊಡ್ತಿದ್ದರು, ಅಜ್ಜನ ಹತ್ತಿರ ಮಾತಾಡೋಕೆ ಮುಂಚೆ ನಾನೂ 10,000 ಫೋನ್‌ಪೇ ಮಾಡಿಬಿಟ್ಟಿದ್ದೆ. ವಾಪಸ್ ಕೇಳಿದರೆ ‘ನಾನ್ ರಿಫಂಡಬಲ್’ ಅಂದರು. ರೇರಾ ನಂಬರ್ ಕೊಡಿ, ಇಲ್ಲದಿದ್ದರೆ ಈ ಮೆಸೇಜ್ ಸಮೇತ ದೂರು ಹಾಕ್ತೀನಿ ಅಂತ ಬರೆದೆ. ಎರಡು ದಿನ ಮೌನ. ಇವತ್ತು 7,500 ಬಂದಿದೆ. ಉಳಿದ 2,500 ಇಡ್ಲಿ ವಡೆಗೆ ಅಂತ ಅಂದುಕೊಂಡಿದ್ದೀನಿ.

ನಿನ್ನೆ ರಾತ್ರಿ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಪಹಣಿ, ಖಾತೆ, ವಂಶವೃಕ್ಷ ಅಂತ ಹೊಸದಾಗಿ ಕಲಿತ ಪದಗಳನ್ನೆಲ್ಲ ಬಿಟ್ಟೆ. ಮಾತಿಗೆ ಮಾತು ಬಂದು, ‘ನಮ್ಮ ಮನೆ ಖಾತೆ ಯಾರ ಹೆಸರಲ್ಲಿದೆ ಅಪ್ಪ’ ಅಂತ ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಇನ್ನೂ ತಾತನ ಹೆಸರಲ್ಲೇ ಇದೆಯಂತೆ. ತಾತ ತೀರಿ 14 ವರ್ಷ ಆಯ್ತು. ಮನೆ ಇರೋದು ಪಿ.ಜೆ. ಬಡಾವಣೆಯಲ್ಲಿ, ನಾನು 21 ಲಕ್ಷಕ್ಕೆ ಕೊಳ್ಳೋಕೆ ಹೊರಟಿದ್ದ ಜಾಗಕ್ಕಿಂತ ಎಷ್ಟೋ ಪಾಲು ಹೆಚ್ಚಿನದು. ವಿಲ್ ಇಲ್ಲ.

ಖಾತಾಪುರಾಣ
ತಾತನ ಸ್ವಯಾರ್ಜಿತ, ವಿಲ್ ಇಲ್ಲ ಅಂದರೆ ನಿಮ್ಮ ತಂದೆಯ ಅಕ್ಕತಂಗಿಯರಿಗೂ ಸಮಪಾಲು. ಎಷ್ಟು ಜನ?

ಬೆಣ್ಣೆದೋಸೆ_31
ಇಬ್ಬರು ಅತ್ತೆಯರು. ಒಬ್ಬರು ಹರಿಹರದಲ್ಲಿ, ತೊಂದರೆ ಇಲ್ಲ. ಇನ್ನೊಬ್ಬರು ರಾಣೆಬೆನ್ನೂರಲ್ಲಿ. ಅಪ್ಪ ಅವರ ಜೊತೆ ಮಾತು ಬಿಟ್ಟು ಒಂಬತ್ತು ವರ್ಷ. ನನ್ನ ಅಣ್ಣನ ಮದುವೆಯಲ್ಲಿ ಊಟದ ಪಂಕ್ತಿ ವಿಷಯಕ್ಕೆ ಏನೋ ಆಗಿತ್ತು.

ಖಾತಾಪುರಾಣ
ಮರಣ ಪ್ರಮಾಣಪತ್ರ, ವಂಶವೃಕ್ಷ ಮೊದಲು ಮಾಡಿಸಿ. ಪಾಲು ಬೇಕು ಅಂದರೆ ವಿಭಾಗ ಪತ್ರ, ಬೇಡ ಅಂದರೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರ. ಕುಟುಂಬದೊಳಗಿನ ಪತ್ರಕ್ಕೆ ಕ್ರಯಪತ್ರದಷ್ಟು ಶುಲ್ಕ ಇಲ್ಲ. ಆದರೆ ಅತ್ತೆಯರು ಬೇಡ ಅಂತಾರೆ ಅಂತ ನೀವೇ ಅಂದುಕೊಂಡು ಪತ್ರ ಬರೆಸಿಕೊಂಡು ಹೋಗಬೇಡಿ.

ಹುಬ್ಬಳ್ಳಿ_ಗಿರ್ಮಿಟ್
ರಾಣೆಬೆನ್ನೂರಿಗೆ ಹೋಗು ತಮ್ಮಾ, ಆದ್ರ ಫೈಲ್ ಒಯ್ಯಬ್ಯಾಡ. ಒಂದು ಇಳಕಲ್ ಸೀರಿ ತಗೊಂಡು ಹೋಗು, ಅಪ್ಪನ್ನ ಕರಕೊಂಡು ಹೋಗು. ಊಟ ಮಾಡಿ ಬಾ. ಪೇಪರಿನ ಮಾತು ಎರಡನೇ ಸಲ ಹೋದಾಗ.

ಬೆಣ್ಣೆದೋಸೆ_31
ಅಪ್ಪ ಬರಲ್ಲ ಅಂತಾರೆ. ಅಮ್ಮ ಮಾತ್ರ ಸೀರೆ ಬಣ್ಣ ಯಾವುದು ಅಂತ ಕೇಳಿದರು.